ಎತ್ತರದ ವಾಹನಕ್ಕೆ ಗಿಡ್ಡ ಆಂಟೆನಾ: ಅಗ್ನಿಶಾಮಕ ದಳದ ಮುಂದಿರುವ ಲೆಕ್ಕಾಚಾರ

ಕರೆ ಬಂದೊಡನೆ ಠಾಣೆಯಿಂದ ಹೊರಟ ಅಗ್ನಿಶಾಮಕ ವಾಹನವೊಂದು ದಾರಿಯಲ್ಲಿ ರೈಲ್ವೆ ಕೆಳಸೇತುವೆಯನ್ನು ದಾಟುತ್ತದೆ ಎಂದು ಭಾವಿಸಿ. ವಾಹನವೇನೋ ಪಾರಾಗುತ್ತದೆ. ಆದರೆ ಅದರ ನೆತ್ತಿಯ ಮೇಲಿನ ವೈರ್‌ಲೆಸ್ ಆಂಟೆನಾ ಸೇತುವೆಯ ತೊಲೆಗೆ ತಾಗಿ ಬುಡದಲ್ಲೇ ಮುರಿಯುತ್ತದೆ. ಸೈರನ್ ಸದ್ದಿನ ನಡುವೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಉರಿಯುತ್ತಿರುವ ಗೋದಾಮಿನ ಮುಂದೆ ನಿಂತ ಠಾಣಾಧಿಕಾರಿ, ಇನ್ನೆರಡು ವಾಹನಗಳನ್ನು ಕಳುಹಿಸುವಂತೆ ನಿಯಂತ್ರಣ ಕೊಠಡಿಯನ್ನು ಕೋರಿದರೆ ಅತ್ತಲಿಂದ ಉತ್ತರವೇ ಇಲ್ಲ. ಸೆಟ್ ಸರಿಯಾಗಿದೆ, ಬ್ಯಾಟರಿಯೂ ಸರಿಯಾಗಿದೆ. ಇಲ್ಲದಿರುವುದು ಅರ್ಧ ಮೀಟರ್ ಉದ್ದದ ಒಂದು ಕಡ್ಡಿ ಮಾತ್ರ.

ಮೊಬೈಲ್ ಫೋನ್ ಇರುವಾಗ ಇದೇನು ಮಹಾ ಎನ್ನುವವರಿದ್ದಾರೆ. ಆದರೆ ದೊಡ್ಡ ಅವಘಡದ ಸ್ಥಳದಲ್ಲಿ ಜನ ಸೇರಿದಷ್ಟೂ ಮೊಬೈಲ್ ಜಾಲ ದಟ್ಟಣೆಗೆ ಸಿಲುಕುತ್ತದೆ. ಒಬ್ಬರಾಡಿದ ಮಾತು ಏಕಕಾಲಕ್ಕೆ ಎಲ್ಲ ವಾಹನಗಳಿಗೂ ಕೇಳಿಸುವುದು ವೈರ್‌ಲೆಸ್‌ನ ವೈಶಿಷ್ಟ್ಯ. ಆದ್ದರಿಂದಲೇ ಎತ್ತರದ ತುರ್ತು ವಾಹನಕ್ಕೆ ಎಂಥ ಆಂಟೆನಾ ಹೊಂದುತ್ತದೆ ಎಂಬ ಪ್ರಶ್ನೆಯನ್ನು ಬಿಡಿಭಾಗ ಖರೀದಿಯ ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಸೆಂಟಿಮೀಟರ್‌ಗಳ ಲೆಕ್ಕ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮವು ವಾಹನಗಳ ಅಳತೆಯ ಮಿತಿಯನ್ನು ಗೊತ್ತುಪಡಿಸುತ್ತದೆ. ಡಬಲ್ ಡೆಕರ್ ಅಲ್ಲದ ವಾಹನಗಳ ಎತ್ತರಕ್ಕೆ ಬಹುಕಾಲ 3.8 ಮೀಟರ್ ಮಿತಿಯಿತ್ತು. 2020ರ ತಿದ್ದುಪಡಿಯು ಸರಕು ವಾಹನಗಳ ಮಿತಿಯನ್ನು 4 ಮೀಟರ್‌ಗೆ ಏರಿಸಿತು. ಅಗ್ನಿಶಾಮಕ ಏಣಿ ವಾಹನದಂಥ ವಿಶೇಷ ವಾಹನಗಳಿಗೆ ವಿನಾಯಿತಿ ನೀಡಲೂ ಅವಕಾಶವಿದೆ. ಇತ್ತ ವಿದ್ಯುದೀಕರಣಗೊಂಡ ರೈಲು ಮಾರ್ಗದ ಲೆವೆಲ್ ಕ್ರಾಸಿಂಗ್‌ಗಳಲ್ಲಿ ರಸ್ತೆಗೆ ಅಡ್ಡಲಾಗಿ ನಿಲ್ಲಿಸುವ ಎತ್ತರದ ಕಮಾನಿನ ಕೆಳಗೆ ಸಿಗುವ ಅಂತರ 4.67 ಮೀಟರ್. ಮೇಲೆ ಹಾದುಹೋಗುವ 25,000 ವೋಲ್ಟ್ ತಂತಿಗೆ ಯಾವ ವಾಹನವೂ ಸಮೀಪಿಸದಿರಲೆಂದು ಈ ಏರ್ಪಾಡು.

ಈಗ ಕೂಡಿ ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. 3.8 ಮೀಟರ್ ಎತ್ತರದ ವಾಹನದ ಮೇಲೆ 1.25 ಮೀಟರ್ ಉದ್ದದ ಆಂಟೆನಾ ನಿಲ್ಲಿಸಿದರೆ ಒಟ್ಟು ಎತ್ತರ 5.05 ಮೀಟರ್. ಅದು ಕಮಾನಿಗೆ ಬಡಿಯುವುದು ಖಚಿತ. ಅರ್ಧ ಮೀಟರ್‌ನ ಆಂಟೆನಾ ಆದರೆ 4.3 ಮೀಟರ್, 37 ಸೆಂಟಿಮೀಟರ್ ಉಳಿಯುತ್ತದೆ. ನಗರದೊಳಗಿನ ಹಳೆಯ ಕೆಳಸೇತುವೆ, ಠಾಣೆಯ ಬಾಗಿಲು, ಆಸ್ಪತ್ರೆಯ ಪೋರ್ಟಿಕೊ, ರಸ್ತೆಗೆ ಬಾಗಿದ ಮರದ ಕೊಂಬೆಗಳು ಇನ್ನೂ ತಗ್ಗಿನಲ್ಲಿರಬಹುದು. ಅಲ್ಲಿ ಪ್ರತಿ ಸೆಂಟಿಮೀಟರ್‌ಗೂ ಬೆಲೆಯಿದೆ.

ಉದ್ದವೇಕೆ ಬೇಕು?

ಆಂಟೆನಾ ಗಿಡ್ಡವಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಆದರೆ ಅದರ ಉದ್ದವನ್ನು ತೀರ್ಮಾನಿಸುವುದು ಅಲೆಯ ಅಳತೆ. ತರಂಗಾಂತರ ಮತ್ತು ಕಂಪನಾಂಕ ಎಂಬ ಎರಡು ಪದಗಳು ಆಕಾಶವಾಣಿಯ ಕೇಳುಗರಿಗೆ ಪರಿಚಿತ. ಮೊದಲನೆಯದು ಒಂದು ಅಲೆಯ ಉದ್ದ, ಎರಡನೆಯದು ಸೆಕೆಂಡಿಗೆ ಸಾಗುವ ಅಲೆಗಳ ಸಂಖ್ಯೆ. 300ನ್ನು ಮೆಗಾಹರ್ಟ್ಸ್ ಲೆಕ್ಕದ ಕಂಪನಾಂಕದಿಂದ ಭಾಗಿಸಿದರೆ ತರಂಗಾಂತರ ಮೀಟರ್‌ಗಳಲ್ಲಿ ಸಿಗುತ್ತದೆ. 150 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಅಲೆಯ ಉದ್ದ 2 ಮೀಟರ್. 450 ಮೆಗಾಹರ್ಟ್ಸ್‌ನ ಯುಎಚ್‌ಎಫ್ ಅಲೆಯದ್ದು ಸುಮಾರು 67 ಸೆಂಟಿಮೀಟರ್.

ವಾಹನದ ಮೇಲಿನ ಸರಳ ಆಂಟೆನಾ ಈ ಅಲೆಯ ಕಾಲು ಭಾಗದಷ್ಟು ಉದ್ದವಿರುತ್ತದೆ. ವಿಎಚ್‌ಎಫ್‌ಗೆ ಅದು ಹೆಚ್ಚುಕಡಿಮೆ 50 ಸೆಂಟಿಮೀಟರ್, ಯುಎಚ್‌ಎಫ್‌ಗೆ 17 ಸೆಂಟಿಮೀಟರ್ ಮಾತ್ರ. ಆದ್ದರಿಂದ ಆಯ್ಕೆಯ ಮೊದಲ ಪ್ರಶ್ನೆ ಜಾಲದ ಕಂಪನಾಂಕ ಯಾವುದೆಂಬುದು. ಯುಎಚ್‌ಎಫ್ ಜಾಲವಾದರೆ ಗಿಡ್ಡ ಆಂಟೆನಾ ಹುಡುಕುವ ಅಗತ್ಯವೇ ಬಾರದು; ಕಾಲು ಅಲೆಯ ಕಡ್ಡಿಯೇ ಗೇಣುದ್ದಕ್ಕಿಂತ ಚಿಕ್ಕದು. ತೊಡಕು ಇರುವುದು ವಿಎಚ್‌ಎಫ್ ಜಾಲಗಳಲ್ಲಿ. ಹೆಚ್ಚು ದೂರ ತಲುಪಲೆಂದು ಅಲೆಯ ಎಂಟರಲ್ಲಿ ಐದು ಭಾಗದಷ್ಟು ಉದ್ದದ ಆಂಟೆನಾ ಹಾಕುವ ರೂಢಿಯುಂಟು. ಮೇಲೆ ಹೇಳಿದ 1.25 ಮೀಟರ್ ಅದರದ್ದೇ. ಕಾರು, ಜೀಪುಗಳಿಗೆ ಅದು ಒಪ್ಪುತ್ತದೆ, ಎತ್ತರದ ವಾಹನಕ್ಕಲ್ಲ.

ಆಯ್ಕೆಗಳು ಮತ್ತು ತೆರಬೇಕಾದ ಬೆಲೆ

ವಿಎಚ್‌ಎಫ್‌ನಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಬಳುಕುವ ಉಕ್ಕಿನ ಕಾಲು ಅಲೆ ಆಂಟೆನಾ. ಅಡ್ಡಿ ತಾಗಿದರೆ ಬಾಗಿ, ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಎರಡನೆಯದು, ತಂತಿಯನ್ನು ಸುರುಳಿ ಸುತ್ತಿ ಗಿಡ್ಡವಾಗಿಸಿದ ಆಂಟೆನಾ. ಇದು ಒಂದು ಗೇಣಿನಷ್ಟಿರುತ್ತದೆ. ಮೂರನೆಯದು, ಚಪ್ಪಟೆ ಡಬ್ಬಿಯಂತೆ ಕಾಣುವ, ಹತ್ತು ಸೆಂಟಿಮೀಟರ್ ಆಸುಪಾಸಿನ ಆಂಟೆನಾ. ಮಡಚುವ ಆಂಟೆನಾಗಳೂ ಇವೆಯಾದರೂ, ಸೇತುವೆ ದಾಟಿದ ಮೇಲೆ ಎತ್ತಿ ನಿಲ್ಲಿಸಲು ಮರೆತರೆ ಅವು ನಿರುಪಯುಕ್ತ. ಮರೆವಿಗೆ ಎಡೆಕೊಡುವ ಏರ್ಪಾಡು ತುರ್ತುಸೇವೆಗೆ ಒಗ್ಗದು.

ಗಿಡ್ಡವಾಗಿಸಿದ ಆಂಟೆನಾ ಎರಡು ಬಗೆಯಲ್ಲಿ ಬೆಲೆ ಕೇಳುತ್ತದೆ. ಸುರುಳಿಯಲ್ಲಿ ಶಕ್ತಿಯ ಒಂದಂಶ ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟವನ್ನು ಡೆಸಿಬೆಲ್‌ಗಳಲ್ಲಿ ಹೇಳುತ್ತಾರೆ. 3 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಅರ್ಧಕ್ಕಿಳಿದಂತೆ. 25 ವಾಟ್‌ನ ಸೆಟ್ ಹನ್ನೆರಡೂವರೆ ವಾಟ್‌ನಷ್ಟೇ ಕೆಲಸ ಮಾಡುತ್ತದೆ. ಇನ್ನೊಂದು ಬೆಲೆ, ಅದು ಸಮರ್ಥವಾಗಿ ದುಡಿಯುವ ಕಂಪನಾಂಕಗಳ ವ್ಯಾಪ್ತಿ ಕೆಲವೇ ಮೆಗಾಹರ್ಟ್ಸ್‌ಗೆ ಕುಗ್ಗುವುದು. ಮಾತನಾಡಲು ಒಂದು, ಕೇಳಲು ಇನ್ನೊಂದು ಕಂಪನಾಂಕ ಬಳಸುವ ರಿಪೀಟರ್ ಜಾಲದಲ್ಲಿ ಒಂದು ವ್ಯಾಪ್ತಿಯೊಳಗಿದ್ದು ಮತ್ತೊಂದು ಹೊರಗುಳಿಯಬಹುದು. ಆಗ ವಾಹನಕ್ಕೆ ಎಲ್ಲ ಕೇಳಿಸಿದರೂ ವಾಹನದ ಮಾತು ಯಾರಿಗೂ ಕೇಳಿಸದೆಂಬ ಸ್ಥಿತಿ ಒದಗೀತು.

ಇಷ್ಟಾದರೂ ಎತ್ತರದ ವಾಹನಕ್ಕೆ ಒಂದು ಅನುಕೂಲವಿದೆ. ಅದರ ಎತ್ತರವೇ ಆ ಅನುಕೂಲ. ಕಾರಿನ ಮೇಲೆ ನೆಲದಿಂದ ಒಂದೂವರೆ ಮೀಟರ್‌ನಲ್ಲಿರುವ ಆಂಟೆನಾವನ್ನು ಮೂರು ಮೀಟರ್‌ಗೆ ಏರಿಸಿದರೆ ಸಂಕೇತ ಸಾಮಾನ್ಯವಾಗಿ 3ರಿಂದ 6 ಡೆಸಿಬೆಲ್‌ನಷ್ಟು ಬಲಗೊಳ್ಳುತ್ತದೆ. ಗಿಡ್ಡ ಆಂಟೆನಾದಿಂದ ಆದ ನಷ್ಟದ ಬಹುಪಾಲನ್ನು ವಾಹನದ ನೆತ್ತಿಯೇ ತುಂಬಿಕೊಡುತ್ತದೆ. ಆಂಟೆನಾವನ್ನು ಬಾನೆಟ್ಟಿಗೋ ಪಕ್ಕಕ್ಕೋ ಇಳಿಸಿ ಉದ್ದ ಉಳಿಸಿಕೊಳ್ಳುವುದಕ್ಕಿಂತ, ಗಿಡ್ಡದನ್ನು ಮೇಲ್ಛಾವಣಿಯಲ್ಲೇ ಉಳಿಸುವುದು ಲೇಸೆನ್ನಲು ಇದೇ ಕಾರಣ.

ನಿಲ್ಲಿಸುವ ಜಾಗ

ಕಾಲು ಅಲೆಯ ಆಂಟೆನಾ ಒಂಟಿಯಾಗಿ ದುಡಿಯುವುದಿಲ್ಲ. ಅದರ ಬುಡದ ಲೋಹದ ಹಾಳೆ ಅದರ ಇನ್ನೊಂದು ಅರ್ಧವಿದ್ದಂತೆ. 150 ಮೆಗಾಹರ್ಟ್ಸ್‌ಗೆ ಸುತ್ತಲೂ ಅರ್ಧ ಮೀಟರ್ ಲೋಹ ಬೇಕು. ಛಾವಣಿ ಫೈಬರ್‌ನದಾಗಿದ್ದರೆ ಒಳಭಾಗದಲ್ಲಿ ಲೋಹದ ತಗಡು ಅಂಟಿಸಬೇಕು, ಇಲ್ಲವೇ ಇಂಥ ಆಧಾರವನ್ನು ಬೇಡದ ಅರ್ಧ ಅಲೆಯ ಆಂಟೆನಾ ಕೊಳ್ಳಬೇಕು; ಆದರೆ ಅದು ಉದ್ದ. ಛಾವಣಿಯ ಮೇಲೆ ಮಲಗಿಸಿದ ಅಲ್ಯೂಮಿನಿಯಂ ಏಣಿಯ ಪಕ್ಕದಲ್ಲಿ ಗಿಡ್ಡ ಆಂಟೆನಾ ಇಟ್ಟರೆ ಆ ದಿಕ್ಕಿಗೆ ಸಂಕೇತ ಕುಂದುತ್ತದೆ. ಎಲ್‌ಇಡಿ ದೀಪದ ಪಟ್ಟಿಯ ಸನಿಹದಲ್ಲಿ ಅದರ ವಿದ್ಯುತ್ ಗದ್ದಲ ರಿಸೀವರ್‌ಗೆ ನುಗ್ಗಬಹುದು.

ಕೇಬಲ್ ಕೂಡ ನಷ್ಟದ ಬಾಬತ್ತೇ. ಸಾಮಾನ್ಯ ಆರ್‌ಜಿ-58 ಕೇಬಲ್ ಐದು ಮೀಟರ್ ಉದ್ದಕ್ಕೆ ವಿಎಚ್‌ಎಫ್‌ನಲ್ಲಿ ಸುಮಾರು 1 ಡೆಸಿಬೆಲ್ ನುಂಗುತ್ತದೆ. ಯುಎಚ್‌ಎಫ್‌ನಲ್ಲಿ ಇನ್ನೂ ಹೆಚ್ಚು. ಹೆಚ್ಚುವರಿ ಕೇಬಲ್ಲನ್ನು ಸುತ್ತಿಡದೆ, ಅಗತ್ಯವಿದ್ದಷ್ಟೇ ಬಳಸುವುದು ಜಾಣತನ.

ಪರೀಕ್ಷೆಯೇ ಪ್ರಮಾಣ

ಆಂಟೆನಾ ಜೋಡಿಸಿದವರು ಎಸ್‌ಡಬ್ಲ್ಯುಆರ್ ಮೀಟರ್ ಹಿಡಿದು, ಮರಳಿ ಬರುವ ಶಕ್ತಿ ಕಡಿಮೆಯಿದೆ, ಎಲ್ಲ ಸರಿಯಿದೆ ಎನ್ನುವುದುಂಟು. 1.5ರ ಅಳತೆಯಲ್ಲಿ ಹಿಂದಿರುಗುವುದು ಶೇ. 4 ಮಾತ್ರ, 2ರಲ್ಲಿ ಶೇ. 11. ಆದರೆ ಶಕ್ತಿ ಮರಳಿ ಬಾರದಿದ್ದ ಮಾತ್ರಕ್ಕೆ ಅದು ಗಾಳಿಗೆ ಹೋಯಿತೆಂದು ಅರ್ಥವಲ್ಲ, ಸುರುಳಿಯಲ್ಲೇ ಶಾಖವಾಗಿರಲೂಬಹುದು. ಆದ್ದರಿಂದ ವಾಹನವನ್ನು ಠಾಣಾ ವ್ಯಾಪ್ತಿಯ ದುರ್ಬಲ ಜಾಗಗಳಿಗೆ, ಅಂದರೆ ತಗ್ಗು ಬಡಾವಣೆ, ಕೈಗಾರಿಕಾ ಪ್ರದೇಶ, ಊರಂಚಿನ ಹಳ್ಳಿಗಳಿಗೆ ಒಯ್ದು, ಹಳೆಯ ಆಂಟೆನಾ ಮತ್ತು ಹೊಸದನ್ನು ಒಂದೇ ಸ್ಥಳದಲ್ಲಿ ಹೋಲಿಸಿ ನೋಡಬೇಕು. ಎರಡೂ ಕಡೆಯವರು ಕೇಳಿಸಿದ್ದನ್ನು ಬರೆದಿಟ್ಟುಕೊಳ್ಳಬೇಕು.

ಒಟ್ಟಿನಲ್ಲಿ, ಅತಿ ಗಿಡ್ಡದ್ದೇ ಅತ್ಯುತ್ತಮವಲ್ಲ. ದಾರಿಯ ಅಡ್ಡಿಗಳಡಿ ನುಸುಳಬಲ್ಲ ಆಂಟೆನಾಗಳಲ್ಲಿ ಅತಿ ಉದ್ದದ್ದೇ ಸರಿಯಾದ ಆಯ್ಕೆ. ಬಹಳಷ್ಟು ವಿಎಚ್‌ಎಫ್ ವಾಹನಗಳಿಗೆ ಬಳುಕುವ ಕಾಲು ಅಲೆಯ ಕಡ್ಡಿಯೇ ಸಾಕು. ಅದಕ್ಕೂ ಎಡೆಯಿಲ್ಲದಲ್ಲಿ ಮಾತ್ರ ಚಪ್ಪಟೆಯದಕ್ಕೆ ಮೊರೆಹೋಗಬೇಕು. ಯಾವುದನ್ನೇ ಹಾಕಿದರೂ ಆಂಟೆನಾ ಸಹಿತ ವಾಹನದ ಒಟ್ಟು ಎತ್ತರವನ್ನು ಚಾಲಕನ ಕಣ್ಣಿಗೆ ಕಾಣುವಂತೆ ಬರೆದಿರಬೇಕು, ಬದಲಿ ಕಡ್ಡಿಯೊಂದು ವಾಹನದಲ್ಲೇ ಇರಬೇಕು. ಪ್ರತಿ ಪಾಳಿಯ ಆರಂಭದಲ್ಲಿ ನೀರು, ಡೀಸೆಲ್ ನೋಡುವಂತೆಯೇ ಒಮ್ಮೆ ಛಾವಣಿಯತ್ತ ಕಣ್ಣುಹಾಯಿಸಿ, ನಿಯಂತ್ರಣ ಕೊಠಡಿಯೊಂದಿಗೆ ಒಂದು ಮಾತು ಆಡಿಬಿಟ್ಟರೆ ಬೆಂಕಿಯ ಮುಂದೆ ಆ ಮಾತು ಕೈಕೊಡುವ ಸಂಭವ ಬಹುಮಟ್ಟಿಗೆ ತಪ್ಪುತ್ತದೆ.