ಚುಕ್ಕಿ ರಂಗೋಲಿ ಮತ್ತು ಸೃಜನಾತ್ಮಕ ಕೋಡಿಂಗ್

ಸೃಜನಾತ್ಮಕ ಕೋಡಿಂಗ್ ಎಂಬುದು ಚಿತ್ರ, ಚಲನೆ ಮತ್ತು ನಾದಗಳ ಸೃಷ್ಟಿಗಾಗಿ ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಕಲೆ. ಇಲ್ಲಿ ಕಲಾವಿದನು ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ. ಚಿತ್ರವು ಹುಟ್ಟಬೇಕಾದ ನಿಯಮಗಳನ್ನು ಬರೆಯುತ್ತಾನೆ. ನಿಯಮವು ಒಂದೇ ಆದರೂ ಅದರಲ್ಲಿನ ಸಂಖ್ಯೆಗಳನ್ನು ಬದಲಿಸಿದಂತೆ ಬೇರೆ ಬೇರೆ ಚಿತ್ರಗಳು ಮೂಡುತ್ತವೆ. ಇಂತಹ ಚಿತ್ರಗಳಿಗೆ ಜನರೇಟಿವ್ ಚಿತ್ರಗಳೆಂದು ಹೆಸರು. ಜಾಲತಾಣದ ಪುಟದಲ್ಲಿ ನೋಡುಗನ ಬೆರಳು ಅಥವಾ ಮೌಸ್‌ನ ಚಲನೆಗೆ ಸ್ಪಂದಿಸುವ ಚಿತ್ರಗಳೂ ಇದೇ ವರ್ಗಕ್ಕೆ ಸೇರುತ್ತವೆ.

ಕರ್ನಾಟಕದ ಮನೆಯಂಗಳದಲ್ಲಿ ಬಿಡಿಸುವ ಚುಕ್ಕಿ ರಂಗೋಲಿಯು ಈ ಕಲೆಗೆ ಅತ್ಯಂತ ಸಮೀಪದ ದೇಶೀಯ ಉದಾಹರಣೆಯಾಗಿದೆ. ಅದಕ್ಕೂ ನಿಯಮವಿದೆ, ಸಂಖ್ಯೆಯಿದೆ, ಪುನರಾವರ್ತನೆಯಿದೆ. ದಕ್ಷಿಣ ಭಾರತದ ಈ ಚಿತ್ರಗಳು 1970ರ ದಶಕದಿಂದಲೇ ಗಣಕ ವಿಜ್ಞಾನದ ಅಧ್ಯಯನಕ್ಕೆ ವಸ್ತುವಾಗಿವೆ.

ಇತಿಹಾಸ

ಗಣಕಯಂತ್ರದಿಂದ ರಚಿತವಾದ ಚಿತ್ರಗಳ ಮೊದಲ ಪ್ರದರ್ಶನಗಳು ನಡೆದದ್ದು 1965ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಗಿಯೋರ್ಗ್ ನೀಸ್, ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೈಕೆಲ್ ನಾಲ್ ಮತ್ತು ಬೇಲಾ ಯೂಲೆಶ್ ತಮ್ಮ ಕೃತಿಗಳನ್ನು ಪ್ರದರ್ಶಿಸಿದರು. ನೀಸ್ ಅವರ 'ಶೋಟರ್' ಎಂಬ ಕೃತಿ ಇಂದಿಗೂ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿದೆ. ಅದರಲ್ಲಿ ಸಾಲಿಗೆ 12ರಂತೆ 22 ಸಾಲು ಚೌಕಗಳಿವೆ. ಮೇಲಿನ ಸಾಲು ಅಚ್ಚುಕಟ್ಟಾಗಿದೆ. ಕೆಳಗಿಳಿದಂತೆ ಚೌಕಗಳು ಓರೆಯಾಗಿ, ಜಾಗ ತಪ್ಪಿ, ಕೊನೆಗೆ ಚೆಲ್ಲಿದ ಜಲ್ಲಿಯಂತೆ ಕಾಣುತ್ತವೆ. ಸಾಲಿನ ಸಂಖ್ಯೆ ಹೆಚ್ಚಿದಂತೆ ಯಾದೃಚ್ಛಿಕತೆಯ ಪ್ರಮಾಣವನ್ನೂ ಹೆಚ್ಚಿಸುವ ಒಂದೇ ನಿಯಮದಿಂದ ಈ ಪರಿಣಾಮ ಉಂಟಾಗಿದೆ. ಹಂಗೇರಿ ಮೂಲದ ವೆರಾ ಮೊಲ್ನಾರ್ (1924–2023) 1968ರಲ್ಲಿ ಪ್ಯಾರಿಸ್ಸಿನಲ್ಲಿ ಗಣಕವನ್ನು ಬಳಸಲಾರಂಭಿಸಿದರು. ಅದಕ್ಕೂ ಮುಂಚೆ ಅವರು ಯಂತ್ರವೇ ಇಲ್ಲದೆ, ತಾವೇ ಹಾಕಿಕೊಂಡ ನಿಯಮಗಳನ್ನು ಕೈಯಿಂದಲೇ ಪಾಲಿಸಿ ಚಿತ್ರ ಬರೆಯುತ್ತಿದ್ದರು. ರಂಗೋಲಿಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಕಲಾವಿದರಿಗೆ ಅನುಕೂಲವಾಗುವ ಸರಳ ಭಾಷೆಗಳು ಬಂದದ್ದು ನಂತರ. 2001ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ 'ಪ್ರೊಸೆಸಿಂಗ್' ಎಂಬ ಸಾಧನವನ್ನು ಆರಂಭಿಸಿದರು. ಅದರ ಆಶಯವನ್ನು ಜಾವಾಸ್ಕ್ರಿಪ್ಟ್ ಭಾಷೆಗೆ ತಂದ 'ಪಿ5.ಜೆಎಸ್' ಅನ್ನು ಲಾರೆನ್ ಲೀ ಮೆಕಾರ್ಥಿ 2013ರಲ್ಲಿ ಪ್ರಾರಂಭಿಸಿದರು. ಇದು ಉಚಿತವಾದುದು, ಬ್ರೌಸರ್ ಇರುವ ಯಾವುದೇ ಯಂತ್ರದಲ್ಲಿ, ಸಾಧಾರಣ ಮೊಬೈಲ್ ಫೋನಿನಲ್ಲಿಯೂ ನಡೆಯುತ್ತದೆ. ಬ್ರೌಸರಿನೊಳಗೆ ಚಿತ್ರ ಬರೆಯಲು ಬೇಕಾದ ಕ್ಯಾನ್ವಾಸ್ ಎಂಬ ಹಲಗೆಯನ್ನು 2004ರಲ್ಲಿ ಆಪಲ್ ಸಂಸ್ಥೆ ರೂಪಿಸಿತು. ಮೂರು ಆಯಾಮದ ಚಿತ್ರಗಳಿಗೆ ನೆರವಾಗುವ ವೆಬ್‌ಜಿಎಲ್‌ನ ಮೊದಲ ಆವೃತ್ತಿ 2011ರಲ್ಲಿ ಹೊರಬಂದಿತು.

ಚುಕ್ಕಿ ಇಡುವ ಕ್ರಮ

ಕನ್ನಡದ ರಂಗೋಲಿ ಪುಸ್ತಕಗಳಲ್ಲಿ ಚಿತ್ರದ ಕೆಳಗೆ "15ರಿಂದ 8, ಸಂದು ಚುಕ್ಕಿ" ಎಂಬಂತಹ ಒಂದು ಪುಟ್ಟ ಸೂಚನೆ ಇರುತ್ತದೆ. ನಡುವಿನ ಸಾಲಿನಲ್ಲಿ 15 ಚುಕ್ಕಿಗಳನ್ನಿಟ್ಟು, ಅದರ ಮೇಲೆಯೂ ಕೆಳಗೂ ಒಂದೊಂದು ಚುಕ್ಕಿ ಕಡಿಮೆ ಮಾಡುತ್ತ, ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಬರುವಂತೆ, 8 ಆಗುವವರೆಗೆ ಸಾಗಬೇಕೆಂಬುದು ಅದರ ಅರ್ಥ. ನಾಲ್ಕಾರು ಪದಗಳ ಈ ಸೂಚನೆಯೇ ಒಂದು ಪೂರ್ಣ ಪ್ರೋಗ್ರಾಮ್. ಆರಂಭದ ಬೆಲೆ, ಇಳಿಕೆಯ ಕ್ರಮ, ಸ್ಥಾನಪಲ್ಲಟ, ನಿಲ್ಲಿಸಬೇಕಾದ ಷರತ್ತು ಇವೆಲ್ಲವೂ ಅದರಲ್ಲಿ ಅಡಕವಾಗಿವೆ.

ಇದನ್ನು ಗಣಕಕ್ಕೆ ತಿಳಿಸುವ ಬಗೆ ಹೀಗೆ: ಎರಡು ಚುಕ್ಕಿಗಳ ನಡುವಿನ ಅಂತರವನ್ನು ಒಂದು ಅಳತೆಯೆಂದು ಇಟ್ಟುಕೊಂಡರೆ, ನಡುಸಾಲಿನಿಂದ ದೂರ ಸರಿದ ಪ್ರತಿ ಸಾಲೂ ಅರ್ಧ ಅಳತೆಯಷ್ಟು ಬಲಕ್ಕೆ ಜರುಗಿ ಆರಂಭವಾಗಬೇಕು. ಸಾಲುಗಳ ನಡುವಿನ ಅಂತರ ಒಂದು ಪೂರ್ಣ ಅಳತೆಯಾಗಿರಬಾರದು. ಅದರ ಸುಮಾರು 0.866 ಪಾಲು ಇರಬೇಕು. ಆಗ ಮಾತ್ರ ಅಕ್ಕಪಕ್ಕದ ಮೂರು ಚುಕ್ಕಿಗಳು ಸಮಬಾಹು ತ್ರಿಭುಜವಾಗಿ, ಇಡೀ ಚುಕ್ಕಿಜಾಲವು ಷಟ್ಕೋನಾಕೃತಿಯನ್ನು ತಾಳುತ್ತದೆ. ಅಂಗಳದಲ್ಲಿ ಕುಳಿತ ಕೈಗೆ ಈ 0.866 ಯಾರೂ ಹೇಳಿಕೊಟ್ಟದ್ದಲ್ಲ, ಕಣ್ಣಳತೆಯೇ ಅದನ್ನು ಸಾಧಿಸುತ್ತದೆ. ಗಣಕಕ್ಕೆ ಕಣ್ಣಳತೆ ಇಲ್ಲದ ಕಾರಣ ಸಂಖ್ಯೆಯನ್ನು ಹೇಳಬೇಕಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಒಟ್ಟು 15 ಸಾಲುಗಳಿದ್ದು, ಚುಕ್ಕಿಗಳ ಸಂಖ್ಯೆ 15 + 2 × (14 + 13 + 12 + 11 + 10 + 9 + 8), ಅಂದರೆ 169.

ನೇರ ಚುಕ್ಕಿಯ ಕ್ರಮ ಬೇರೆ. "7ರಿಂದ 1, ನೇರ ಚುಕ್ಕಿ" ಎಂದರೆ 7, 5, 3, 1 ಎಂದು ಎರಡೆರಡು ಇಳಿಯುವ ಸಾಲುಗಳು. ಚುಕ್ಕಿಯ ನೆತ್ತಿಯ ಮೇಲೆಯೇ ಚುಕ್ಕಿ. ಇಲ್ಲಿ 25 ಚುಕ್ಕಿಗಳ ವಜ್ರಾಕೃತಿ ದೊರೆಯುತ್ತದೆ. ಸಂದು ಚುಕ್ಕಿಯಲ್ಲಿ ಚಿತ್ರದ ಆರನೆಯ ಒಂದು ಭಾಗವನ್ನು ಬರೆದು 60 ಡಿಗ್ರಿಯಂತೆ ತಿರುಗಿಸಿದರೆ ಉಳಿದದ್ದು ತಾನಾಗಿ ತುಂಬುತ್ತದೆ. ನೇರ ಚುಕ್ಕಿಯಲ್ಲಿ ನಾಲ್ಕನೆಯ ಒಂದು ಭಾಗ ಮತ್ತು 90 ಡಿಗ್ರಿ.

ಎಳೆಗಳ ಲೆಕ್ಕ

ಚುಕ್ಕಿಗಳನ್ನು ಸೇರಿಸದೆ, ಅವುಗಳನ್ನು ಬಳಸಿಕೊಂಡು ಬಳ್ಳಿಯಂತೆ ಸಾಗುವ ಎಳೆಯ ರಂಗೋಲಿಯಲ್ಲಿ ನಿಜವಾದ ಗಣಿತವಿದೆ. ಚುಕ್ಕಿಗಳನ್ನು ಆಯತಾಕಾರವಾಗಿ ಇಟ್ಟು, ಎಳೆಯನ್ನು 45 ಡಿಗ್ರಿ ಓರೆಯಲ್ಲಿ ಚುಕ್ಕಿಗಳ ನಡುವೆ ಹಾಯಿಸಿ, ಅಂಚು ಬಂದಾಗ ಕೇರಂ ಹಲಗೆಯ ಕಾಯಿಯಂತೆ ಹಿಂದಿರುಗಿಸಬೇಕು. ಎಳೆ ಹೊರಟ ಸ್ಥಳಕ್ಕೇ ಮರಳುತ್ತದೆ. ಆದರೆ ಎಲ್ಲ ಚುಕ್ಕಿಗಳನ್ನೂ ಒಂದೇ ಎಳೆ ಸುತ್ತಿ ಬರುವುದೇ ಎಂಬುದು ಪ್ರಶ್ನೆ. ಉತ್ತರವು ಶಾಲೆಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನದಲ್ಲಿದೆ. ಸಾಲುಗಳ ಸಂಖ್ಯೆ ಮತ್ತು ಸಾಲಿನಲ್ಲಿನ ಚುಕ್ಕಿಗಳ ಸಂಖ್ಯೆ ಇವೆರಡರ ಮ.ಸಾ.ಅ. ಎಷ್ಟೋ ಅಷ್ಟು ಎಳೆಗಳು ಬೇಕಾಗುತ್ತವೆ. 3 ಮತ್ತು 5ಕ್ಕೆ ಒಂದೇ ಎಳೆ ಸಾಕು. 4 ಮತ್ತು 6ಕ್ಕೆ ಎರಡು. 5 ಮತ್ತು 5ಕ್ಕೆ ಐದು. ಈ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಪರೀಕ್ಷಿಸಿದ ವಿದ್ಯಾರ್ಥಿಗೆ ಮ.ಸಾ.ಅ. ಮತ್ತೆಂದೂ ಮರೆಯಲಾರದು.

ಹಾಗಾದರೆ ಚೌಕಾಕಾರದ ಚುಕ್ಕಿಗಳಿಗೆ ಒಂದೇ ಎಳೆಯ ರಂಗೋಲಿ ಅಸಾಧ್ಯವೇ? ಅಲ್ಲ. ಎರಡು ಬೇರೆ ಎಳೆಗಳು ಅಡ್ಡಹಾಯುವ ಒಂದು ಸ್ಥಳದಲ್ಲಿ ಅವು ದಾಟದಂತೆ ತಡೆದು, ಎರಡನ್ನೂ ಬಾಗಿಸಿ ಹಿಂದಿರುಗಿಸಿದರೆ ಅವು ಕೂಡಿ ಒಂದಾಗುತ್ತವೆ. ಐದು ಎಳೆಗಳಿದ್ದಲ್ಲಿ ಸರಿಯಾದ ನಾಲ್ಕು ಸ್ಥಳಗಳಲ್ಲಿ ಹೀಗೆ ಮಾಡಿದರೆ ಒಂದೇ ಎಳೆ ಉಳಿಯುತ್ತದೆ. ಆ ನಾಲ್ಕು ಸ್ಥಳಗಳನ್ನು ಚಿತ್ರದ ಅಂದ ಕೆಡದಂತೆ ಆರಿಸುವುದೇ ಜಾಣ್ಮೆ. ಆಫ್ರಿಕಾದ ಅಂಗೋಲಾದಲ್ಲಿ ಚೋಕ್ವೆ ಜನರು ಮರಳಿನ ಮೇಲೆ ಬರೆಯುವ 'ಸೋನಾ' ಚಿತ್ರಗಳೂ ಇದೇ ನಿಯಮವನ್ನು ಅನುಸರಿಸುತ್ತವೆ. ಗಣಿತಜ್ಞ ಪೌಲಸ್ ಗೆರ್ಡೆಸ್ ಅವುಗಳ ಕುರಿತು ವಿಸ್ತಾರವಾಗಿ ಬರೆದಿದ್ದಾರೆ.

ಸಂಶೋಧನೆಗಳು

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು 1974ರಲ್ಲಿ ಗಣಕ ಚಿತ್ರರಚನೆಯ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ತಮಿಳುನಾಡಿನ ಕೋಲಂ ಚಿತ್ರಗಳ ವ್ಯಾಕರಣವನ್ನು ಪ್ರಕಟಿಸಿದರು. ವಾಕ್ಯಕ್ಕೆ ವ್ಯಾಕರಣವಿರುವಂತೆ ಚಿತ್ರಕ್ಕೂ ವ್ಯಾಕರಣವಿರಬಹುದು, ಚಿಕ್ಕ ಕೋಲಂನಿಂದ ದೊಡ್ಡ ಕೋಲಂ ಹುಟ್ಟುವ ಬಗೆಯನ್ನು ಸೂತ್ರಗಳಿಂದ ತೋರಿಸಬಹುದು ಎಂಬುದು ಅವರ ಪ್ರತಿಪಾದನೆ. ಗಿಡಗಳ ಬೆಳವಣಿಗೆಯನ್ನು ವಿವರಿಸಲು ಜೀವವಿಜ್ಞಾನಿ ಅರಿಸ್ಟಿಡ್ ಲಿಂಡನ್‌ಮೇಯರ್ 1968ರಲ್ಲಿ ರೂಪಿಸಿದ 'ಎಲ್-ಸಿಸ್ಟಂ' ಎಂಬ ಪುನರ್ಲೇಖನ ಕ್ರಮವೂ ಮುಂದೆ ಕೋಲಂಗಳಿಗೆ ಅನ್ವಯವಾಯಿತು. ಇಂದು ಕೋಡಿಂಗ್ ಕಲಿಯುವವರು ಎಲ್-ಸಿಸ್ಟಂನಿಂದ ಮರದ ಕೊಂಬೆಗಳನ್ನು ಬರೆಯುವುದು ವಾಡಿಕೆ. ಅದೇ ಕ್ರಮದಿಂದ ಅಂಗಳದ ಚಿತ್ರವೂ ಬರುತ್ತದೆಂಬುದು ಅನೇಕರಿಗೆ ತಿಳಿದಿಲ್ಲ.

ಎಲ್ಲ ಸಾಂಪ್ರದಾಯಿಕ ಚಿತ್ರಗಳೂ ಸೂತ್ರಕ್ಕೆ ಒಗ್ಗುವುದಿಲ್ಲ. ಅಘನಾಶಿನಿ ಹರಿದುಬರುವ ಸಿದ್ದಾಪುರ ಭಾಗದಲ್ಲಿ ಹಾಗೂ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳಲ್ಲಿ ದೀವರ ಸಮುದಾಯದ ಮಹಿಳೆಯರು ಬರೆಯುವ ಹಸೆ ಚಿತ್ತಾರವು ನೇರ ಗೆರೆಗಳ, ಬಿಗಿಯಾದ ಜ್ಯಾಮಿತಿಯ ಕಲೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ ಇವು ಅದರ ಸಾಮಗ್ರಿಗಳು. ಗೆರೆಗಳ ಜಾಲವನ್ನು ಗಣಕದಲ್ಲಿ ಬರೆಯುವುದು ಕಷ್ಟವಲ್ಲ. ಆದರೆ ಮದುವೆಯ ಮನೆಯ ಗೋಡೆಯಲ್ಲಿ ಯಾವ ಆಕೃತಿ ಎಲ್ಲಿರಬೇಕು, ಏಕಿರಬೇಕು ಎಂಬುದು ಆಚರಣೆಗೆ ಸೇರಿದ ತಿಳಿವಳಿಕೆ. ಅದನ್ನು ಬಿಟ್ಟು ಗೆರೆಯನ್ನಷ್ಟೇ ನಕಲು ಮಾಡಿದ ಪರದೆಯ ಚಿತ್ರವನ್ನು ಹಸೆ ಎನ್ನುವುದು ಸರಿಯಲ್ಲ.

ಚಲನೆ: ಅಘನಾಶಿನಿಯ ಭರತ ಮತ್ತು ಇಳಿತ

ಪಿ5.ಜೆಎಸ್‌ನಲ್ಲಿ ಚಲನೆಯೆಂಬುದು ನಿಜಕ್ಕೂ ಸ್ಥಿರಚಿತ್ರಗಳ ಸಾಲು. ಸೆಕೆಂಡಿಗೆ ಸುಮಾರು 60 ಬಾರಿ ಹಲಗೆಯನ್ನು ಒರೆಸಿ, ಸ್ವಲ್ಪ ಬದಲಾದ ಚಿತ್ರವನ್ನು ಮತ್ತೆ ಬರೆಯಲಾಗುತ್ತದೆ. ಎಷ್ಟು ಬದಲಾಗಬೇಕೆಂಬುದನ್ನು ತಿಳಿಸಲು ಹೆಚ್ಚಾಗಿ ತ್ರಿಕೋನಮಿತಿಯ ಸೈನ್ ಬೆಲೆಯನ್ನು ಬಳಸುತ್ತಾರೆ. ಇದಕ್ಕೆ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿಯ ಅಳಿವೆಗಿಂತ ಉತ್ತಮ ಉದಾಹರಣೆ ಸಿಗುವುದು ವಿರಳ. ಅಣೆಕಟ್ಟಿನ ತಡೆಯಿಲ್ಲದ ಈ ನದಿಯ ಅಳಿವೆಯು 2024ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾಯಿತು. ಇಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಬದುಕು ಈ ಏರಿಳಿತವನ್ನೇ ಅವಲಂಬಿಸಿದೆ.

ಭರತವನ್ನು ಪರದೆಯ ಮೇಲೆ ತರಲು ಮೊದಲು 12 ಗಂಟೆ 25 ನಿಮಿಷಗಳ ಅವಧಿಯ ಒಂದು ಸೈನ್ ಅಲೆ ಬೇಕು. ಇದು ಚಂದ್ರನ ಸೆಳೆತದ್ದು. ಅದಕ್ಕೆ 12 ಗಂಟೆ ಅವಧಿಯ, ಸೂರ್ಯನ ಚಿಕ್ಕ ಅಲೆಯನ್ನು ಕೂಡಿಸಬೇಕು. 25 ನಿಮಿಷಗಳ ಈ ಸಣ್ಣ ವ್ಯತ್ಯಾಸದಿಂದ ಎರಡು ಅಲೆಗಳು ಒಮ್ಮೆ ಜೊತೆಗೂಡಿ, ಒಮ್ಮೆ ವಿರುದ್ಧವಾಗಿ ನಡೆಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತ, ಅಷ್ಟಮಿಯ ಆಸುಪಾಸಿನ ಮಂದ ಭರತ ಇದರಿಂದಲೇ ಹುಟ್ಟುತ್ತವೆ. ಸುಮಾರು ಹದಿನೈದು ದಿನಗಳ ಈ ಚಕ್ರವನ್ನು ಬೇರೆಯಾಗಿ ಬರೆಯಬೇಕಾದುದಿಲ್ಲ. ಈ ಕರಾವಳಿಯಲ್ಲಿ ದಿನದ ಎರಡು ಭರತಗಳ ಎತ್ತರ ಸಮನಾಗಿರುವುದಿಲ್ಲ. ಅದನ್ನು ತೋರಿಸಲು ಸುಮಾರು ಒಂದು ದಿನ ಅವಧಿಯ ಅಲೆಗಳನ್ನೂ ಸೇರಿಸಬೇಕು. ಒಂದು ದಿನವನ್ನು 10 ಸೆಕೆಂಡಿಗೆ ಕುಗ್ಗಿಸಿದರೆ ಪ್ರತಿ ಸ್ಥಿರಚಿತ್ರದಲ್ಲಿ 2.4 ನಿಮಿಷಗಳು ಸರಿಯುತ್ತವೆ. ಒಂದು ಪಕ್ಷವು ಎರಡೂವರೆ ನಿಮಿಷಗಳಲ್ಲಿ ಕಣ್ಣೆದುರು ಮುಗಿಯುತ್ತದೆ. ನೋಡುಗನು ಬೆರಳನ್ನು ಎಡದಿಂದ ಬಲಕ್ಕೆ ಸರಿಸಿದಂತೆ ತಿಥಿ ಬದಲಾಗುವಂತೆ ಮಾಡಿದರೆ ಚಿತ್ರವು ಸಂವಾದಿಯಾಗುತ್ತದೆ. ಇದು ಕಲಿಕೆಯ ಮಾದರಿ ಮಾತ್ರ. ದೋಣಿ ಇಳಿಸುವವರು ನೋಡಬೇಕಾದದ್ದು ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರತಿ ವರ್ಷ ಪ್ರಕಟಿಸುವ ಭರತದ ಕೋಷ್ಟಕಗಳನ್ನು.

ಕನ್ನಡ ಅಕ್ಷರಗಳ ಚಲನೆ

ಅಕ್ಷರಗಳನ್ನು ಒಂದೊಂದಾಗಿ ಹಾರಿಸುವ, ಕುಣಿಸುವ ಪ್ರಯೋಗಗಳು ಜಾಲಪುಟಗಳಲ್ಲಿ ಸಾಮಾನ್ಯ. ರೋಮನ್ ಲಿಪಿಗಾಗಿ ಬರೆದ ಇಂತಹ ಪ್ರೋಗ್ರಾಮಿಗೆ ಕನ್ನಡ ಪದವನ್ನು ಕೊಟ್ಟರೆ ಒತ್ತಕ್ಷರಗಳು ಒಡೆದುಹೋಗುತ್ತವೆ. 'ಚುಕ್ಕಿ' ಎಂಬ ಪದವು ಓದುವವರಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳು: ಚಕಾರ, ಉಕಾರದ ಕೊಂಬು, ಕಕಾರ, ಹಲಂತ ಚಿಹ್ನೆ, ಇನ್ನೊಂದು ಕಕಾರ, ಇಕಾರದ ಗುಡಿಸು. ಸಂಕೇತಕ್ಕೊಂದರಂತೆ ಕತ್ತರಿಸಿದರೆ ಕೊಂಬು ಒಂದೆಡೆ, ಗುಡಿಸು ಇನ್ನೊಂದೆಡೆ ಹಾರುತ್ತದೆ. ಆದುದರಿಂದ ಹಲಂತದಿಂದ ಬೆಸೆದ ವ್ಯಂಜನಗಳನ್ನೂ ಅವುಗಳ ಸ್ವರಚಿಹ್ನೆಯನ್ನೂ ಒಂದೇ ಗಂಟಾಗಿ ಕಟ್ಟಿದ ನಂತರವೇ ಚಲನೆಯನ್ನು ಆರಂಭಿಸಬೇಕು. ಕಾಗುಣಿತ ಬಲ್ಲ ಮಗುವಿಗೆ ತಿಳಿದಿರುವ ಈ ನಿಯಮವನ್ನು ಸಿದ್ಧ ಸಾಧನಗಳು ಹಲವೊಮ್ಮೆ ಕಡೆಗಣಿಸಿವೆ.

ಜಾವಾಸ್ಕ್ರಿಪ್ಟ್‌ನ ಮೂಲ ಆದೇಶಪದಗಳು ಇಂಗ್ಲಿಷಿನವಾದರೂ, ಚರಾಕ್ಷರಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ಚುಕ್ಕಿ, ಎಳೆ, ಅಂತರ ಎಂಬ ಹೆಸರುಗಳನ್ನು ಭಾಷೆ ಒಪ್ಪುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಸಣ್ಣ ಅನುಕೂಲವಲ್ಲ.

ಕೈಬರಹ ಮತ್ತು ಕರ್ತೃತ್ವ

ಗಣಕವು ಬರೆದ ರಂಗೋಲಿಯಲ್ಲಿ ತಪ್ಪಿಲ್ಲ. ಅದೇ ಅದರ ಕೊರತೆಯೆಂದು ಭಾವಿಸುವವರಿದ್ದಾರೆ. ಬೆರಳಿನ ಸಂದಿಯಿಂದ ಜಾರುವ ಪುಡಿಯ ಎಳೆ ಒಂದೆಡೆ ತೆಳುವು, ಒಂದೆಡೆ ದಪ್ಪ. ಇದನ್ನು ಅನುಕರಿಸಲು ಕೆನ್ ಪರ್ಲಿನ್ 1980ರ ದಶಕದ ಆರಂಭದಲ್ಲಿ ರೂಪಿಸಿದ 'ಪರ್ಲಿನ್ ನಾಯ್ಸ್' ಎಂಬ ನಯವಾದ ಯಾದೃಚ್ಛಿಕತೆಯನ್ನು ಬಳಸಲಾಗುತ್ತದೆ. ಈ ಶೋಧಕ್ಕಾಗಿ ಅವರಿಗೆ 1997ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು. ಇದನ್ನು ಬಳಸಿದಾಗ ಗೆರೆ ಸಹಜವಾಗಿ ತೋರುವುದು ನಿಜ. ಆದರೂ ಆ ನಡುಕ ಲೆಕ್ಕದಿಂದ ಬಂದದ್ದು, ಬೆನ್ನು ಬಾಗಿಸಿದ ದೇಹದಿಂದ ಬಂದದ್ದಲ್ಲ.

ಇನ್ನೂ ಮುಖ್ಯವಾದುದು ಹೆಸರಿನ ಪ್ರಶ್ನೆ. ನೀಸ್, ಮೊಲ್ನಾರ್ ಅವರ ಕೃತಿಗಳಿಗೆ ಹೆಸರೂ ವರ್ಷವೂ ಇವೆ. ಹೊಸಿಲಿನ ಮುಂದೆ ಬರೆದು, ಸಂಜೆಯೊಳಗೆ ಕಾಲಡಿಯಲ್ಲಿ ಅಳಿಸಿಹೋಗುವ ಚಿತ್ರವನ್ನು ಮೊದಲು ಕಂಡುಹಿಡಿದ ಮಹಿಳೆಯ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಅಂತಹ ವಿನ್ಯಾಸವನ್ನು ಕೋಡ್ ಆಗಿ ಬರೆದವರು ಅದನ್ನು ತಮ್ಮ ಸ್ವಂತ ಸೃಷ್ಟಿಯೆಂದು ಪ್ರಕಟಿಸುವುದು ಸುಲಭ. ಹೀಗಾಗಿ ಪ್ರೋಗ್ರಾಮಿನ ಮೊದಲ ಸಾಲುಗಳಲ್ಲಿ, ಯಂತ್ರವು ಓದದೆ ಬಿಡುವ ಟಿಪ್ಪಣಿಯ ಭಾಗದಲ್ಲಿ, ವಿನ್ಯಾಸವನ್ನು ಯಾವ ಊರಿನಲ್ಲಿ, ಯಾವ ಹಬ್ಬದಲ್ಲಿ ಕಂಡದ್ದು, ಒಪ್ಪಿಗೆಯಿದ್ದಲ್ಲಿ ಯಾರಿಂದ ಕಲಿತದ್ದು ಎಂಬುದನ್ನು, ಚುಕ್ಕಿಗಳ ಲೆಕ್ಕದೊಡನೆ ಬರೆದಿಡುವುದು ಉಚಿತ.