ಬಚ್ಚಲಮನೆಯ ಬೆಂಕಿಗೂ ಉಸಿರು ಬೇಕು

‘ಗೀಸರ್’ ಎಂಬ ಮಾತು ನಮ್ಮ ಮನೆಗಳಲ್ಲಿ ಈಗ ಹಂಡೆ, ತಂಬಿಗೆಗಳಷ್ಟೇ ಬಳಕೆಯದಾಗಿಬಿಟ್ಟಿದೆ. ಅದರ ತವರು ದೂರದ ಐಸ್‌ಲೆಂಡ್. ಅಲ್ಲಿ ನೆಲದೊಡಲಿನಿಂದ ಕುದಿನೀರು ಕಾರಂಜಿಯಾಗಿ ಚಿಮ್ಮುವ ಬುಗ್ಗೆಯೊಂದರ ಹೆಸರು ಅದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ಎಂಬಾತ ಅನಿಲದ ಉರಿಯಿಂದ ನೀರನ್ನು ಹರಿಯುತ್ತಿರುವಂತೆಯೇ ಕಾಯಿಸುವ ಯಂತ್ರವೊಂದನ್ನು ರಚಿಸಿ, ಅದಕ್ಕೆ ಈ ಹೆಸರನ್ನಿಟ್ಟ. ಯಂತ್ರವೇನೋ ಸೊಗಸಾಗಿತ್ತು. ಆದರೆ ಅದಕ್ಕೆ ಹೊಗೆಗೊಳವೆ ಇರಲಿಲ್ಲ. ಉರಿದು ಮಿಕ್ಕ ಅನಿಲಗಳೆಲ್ಲ ಮೀಯುವವರ ಜೊತೆಯಲ್ಲಿಯೇ ಕೋಣೆಯೊಳಗೆ ಉಳಿಯುತ್ತಿದ್ದವು.

ಮನೆ ಕಟ್ಟುವವರಿಗೆ ನೀರು, ಗಾಳಿ, ಬೆಳಕುಗಳ ವಿಷಯದಲ್ಲಿ ಸಲಹೆ ಹೇಳುವುದು ನನ್ನ ವೃತ್ತಿ. ಆ ಕಾರಣದಿಂದ ಹಲವರ ಬಚ್ಚಲಮನೆಗಳನ್ನು ಸಂಕೋಚವಿಲ್ಲದೆ ಇಣುಕಿ ನೋಡುವ ಅಧಿಕಾರ ನನಗೆ ದೊರೆತಿದೆ. ನೂರೈವತ್ತು ವರ್ಷಗಳು ಕಳೆದಮೇಲೂ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಅನಿಲದ ಗೀಸರನ್ನು ಕಂಡಾಗ ನನಗೆ ಮಾಘನ್ನನ ಆ ಮೊದಲ ಕೊರತೆಯೇ ನೆನಪಾಗುತ್ತದೆ. ಮನೆಯವರು ಅದನ್ನು ವಿದ್ಯುದ್ದೀಪದಂತೆ, ಪಂಖದಂತೆ ಒಂದು ಉಪಕರಣವೆಂದು ತಿಳಿದಿರುತ್ತಾರೆ. ಅದು ಉಪಕರಣವಲ್ಲ, ಒಲೆ. ಒಲೆಯೆಂದಮೇಲೆ ಅದಕ್ಕೆ ಉಸಿರೆಳೆದುಕೊಳ್ಳಲು ಒಂದು ದಾರಿ, ಉಸಿರು ಬಿಡಲು ಇನ್ನೊಂದು ದಾರಿ ಬೇಕೇ ಬೇಕು.

ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಮನೆಗಳ ಬಚ್ಚಲು ಹಿತ್ತಿಲ ಕಡೆಗೆ, ಮನೆಯ ನಡುಭಾಗದಿಂದ ಕೊಂಚ ಸರಿದು ಇರುತ್ತಿತ್ತು. ತಾಮ್ರದ ಹಂಡೆಯನ್ನು ಒಲೆಯ ಮೇಲೆ ಕಟ್ಟೆ ಕಟ್ಟಿ ಕೂಡಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಹೊರಮಗ್ಗುಲಿಗೆ ತೆರೆದಿರುತ್ತಿತ್ತು. ಸೌದೆ, ತೆಂಗಿನ ಮಟ್ಟೆಗಳನ್ನು ತುರುಕುವವರು ಹೊರಗೆ, ಮೀಯುವವರು ಒಳಗೆ. ಒಲೆ ಒಳಗಿದ್ದ ಕಡೆಯೂ ಹೊಗೆ ಹೆಂಚಿನ ಸಂದುಗಳಲ್ಲಿ ನುಸುಳಿ ಹೋಗುತ್ತಿತ್ತು. ಹೋಗದಿದ್ದರೆ ಕಣ್ಣು ಉರಿದು, ಕೆಮ್ಮು ಬಂದು, ಒಳಗಿದ್ದವರು ತಾವಾಗಿಯೇ ಬಾಗಿಲು ತೆರೆಯುತ್ತಿದ್ದರು. ಹೊಗೆಯನ್ನು ಬೈಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಅದೇ ಅವರ ಕಾವಲುಗಾರನೆಂಬುದು ತಿಳಿದಿರಲಾರದು. ಅನಿಲದ ಉರಿ ಬಂದು ಈ ಕಾವಲುಗಾರನನ್ನು ಕೆಲಸದಿಂದ ಬಿಡಿಸಿತು. ಕಾಣುವ ಹೊಗೆ ಹೋಯಿತು, ಕಾಣದ ಹೊಗೆ ಉಳಿಯಿತು. ಅದೇ ಕಾಲಕ್ಕೆ ಬಚ್ಚಲು ಹಿತ್ತಿಲನ್ನು ಬಿಟ್ಟು ಮಲಗುವ ಕೋಣೆಯ ಮಗ್ಗುಲಿಗೆ ಬಂದಿತು. ಹೆಂಚಿನ ಬದಲು ಕಾಂಕ್ರೀಟು, ಹಲಗೆಯ ಬಾಗಿಲ ಬದಲು ಸಂದಿಲ್ಲದ ಬಾಗಿಲು.

ಸ್ವಲ್ಪ ಲೆಕ್ಕ ಹಾಕೋಣ. ಅಡುಗೆಮನೆಯ ಅನಿಲದ ಒಲೆಯ ಒಂದು ಉರಿ ಸುಮಾರು 2 ಕಿಲೋವಾಟ್ ಶಾಖ ಕೊಡುತ್ತದೆ. ನಿಮಿಷಕ್ಕೆ 6 ಲೀಟರ್ ನೀರಿನ ಬಿಸಿಯನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಬೇಕಾದರೆ 10 ಕಿಲೋವಾಟಿಗೂ ಮಿಕ್ಕಿದ ಶಾಖ ನೀರಿಗೆ ಸೇರಬೇಕು. ವ್ಯರ್ಥವಾಗುವುದನ್ನೂ ಕೂಡಿಸಿಕೊಂಡರೆ 12 ಎನ್ನಿ. ಅಂದರೆ ಆ ಪುಟ್ಟ ಪೆಟ್ಟಿಗೆಯಲ್ಲಿ ಆರು ಒಲೆಗಳು ಒಟ್ಟಿಗೆ ಉರಿಯುತ್ತಿವೆ. ಕಿಟಕಿಯಿಲ್ಲದ ಕೋಣೆಯಲ್ಲಿ ಆರು ಒಲೆ ಹೊತ್ತಿಸಿ, ಬಾಗಿಲ ಅಗಳಿ ಹಾಕಿಕೊಂಡು ಕುಳಿತುಕೊಳ್ಳಿ ಎಂದರೆ ಯಾರು ಒಪ್ಪಿಯಾರು? ಹತ್ತು ನಿಮಿಷದ ಸ್ನಾನಕ್ಕೆ ಈ ಯಂತ್ರ ಸುಮಾರು 150 ಗ್ರಾಂ ಅನಿಲವನ್ನು ಉರಿಸುತ್ತದೆ. ಅಷ್ಟು ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 2 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ 7 ಘನ ಮೀಟರಿಗಿಂತ ಕಡಿಮೆ. ಹೊರಗಿನಿಂದ ಗಾಳಿ ಬಾರದಿದ್ದರೆ, ಕೋಣೆಯ ಆಮ್ಲಜನಕದ ಕಾಲುಭಾಗಕ್ಕೂ ಹೆಚ್ಚನ್ನು ಒಂದು ಸ್ನಾನವೇ ನುಂಗಿಬಿಡುತ್ತದೆ.

ಇಲ್ಲಿಯೇ ವಿಷಯದ ಮರ್ಮವಿದೆ. ಗಾಳಿ ಸಾಕಷ್ಟಿರುವಾಗ ಅನಿಲ ನೀಲಿಯಾಗಿ ಉರಿದು ನೀರಾವಿಯೂ ಇಂಗಾಲದ ಡೈ ಆಕ್ಸೈಡೂ ಆಗುತ್ತದೆ. ಆಮ್ಲಜನಕ ತಗ್ಗುತ್ತ ಬಂದ ಹಾಗೆ ಇಂಗಾಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗತೊಡಗುತ್ತದೆ. ಆದುದರಿಂದ ಹೊಚ್ಚಹೊಸ, ನಿರ್ದೋಷವಾದ ಗೀಸರು ಕೂಡ ಮೊದಲ ಐದು ನಿಮಿಷ ಸಾಧುವಾಗಿದ್ದು ಹತ್ತನೆಯ ನಿಮಿಷಕ್ಕೆ ವಿಷ ಕಾರಬಲ್ಲದು. ಯಜಮಾನರು ಮಿಂದು ಸುಖವಾಗಿ ಹೊರಬಂದರೆಂಬುದು ಅವರ ಹಿಂದೆಯೇ ಒಳಹೊಕ್ಕ ಮಗಳಿಗೆ ಭರವಸೆಯಲ್ಲ. ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ನಸುಕಿನಲ್ಲಿ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಎಣ್ಣೆ ನೀರು ಹಾಕಿಕೊಳ್ಳುವಾಗ ಕೊನೆಯ ಸರದಿಯವರ ಪಾಲಿಗೆ ಉಳಿಯುವುದು ಎಂಥ ಗಾಳಿ ಎಂಬುದನ್ನು ಕೇಳುಗರೇ ಊಹಿಸಿಕೊಳ್ಳಬಹುದು.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸಿಲಿಂಡರಿನ ಅನಿಲ ನಾರುತ್ತದಲ್ಲ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಸೋರಿಕೆ ತಿಳಿಯಲೆಂದು ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ಎಂಬ ವಸ್ತುವಿನ ವಾಸನೆ ಅದು. ಅನಿಲ ಉರಿದಾಗ ಅದೂ ಉರಿದುಹೋಗುತ್ತದೆ. ಸೋರಿದ ಅನಿಲ ಮೂಗಿಗೆ ತಿಳಿಯುತ್ತದೆ, ಉರಿದ ಅನಿಲ ತಿಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚಿನ ಮೋಹ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಅದರ 210ರಲ್ಲೊಂದು ಪಾಲು, ಎಂದರೆ ಸಾವಿರ ಭಾಗ ಗಾಳಿಗೆ ಒಂದು ಭಾಗದಷ್ಟು ಕಾರ್ಬನ್ ಮಾನಾಕ್ಸೈಡ್ ಇದ್ದರೂ ಸಾಕು, ಅದು ಆಮ್ಲಜನಕಕ್ಕೆ ಸರಿಸಮನಾಗಿ ನಿಂತು, ಹೊತ್ತು ಕಳೆದಂತೆ ರಕ್ತದ ಅರ್ಧವನ್ನು ಆಕ್ರಮಿಸಿಬಿಡುತ್ತದೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ, ತನ್ನ ರಕ್ತವನ್ನೇ ಪರೀಕ್ಷಿಸಿ ನೋಡಿದ. ಕಲ್ಲಿದ್ದಲ ಗಣಿಗಳಿಗೆ ಪುಟ್ಟ ಹಕ್ಕಿಗಳನ್ನು ಒಯ್ದು, ಅವು ಸೊರಗಿದೊಡನೆ ಗಣಿಗಾರರು ಹೊರಬರುವ ಉಪಾಯವನ್ನು ಸೂಚಿಸಿದವನೂ ಅವನೇ. ಬಾಲ್ಯದಲ್ಲಿ ಅವನ ಪ್ರಯೋಗಗಳಿಗೆ ನೆರವಾಗುತ್ತಿದ್ದ ಮಗ ಜೆ. ಬಿ. ಎಸ್. ಹಾಲ್ಡೇನರು ಮುಂದೆ ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಸಾಹಿತ್ಯಪ್ರಿಯರಿಗೆ ಇನ್ನೊಂದು ಹೆಸರು ಹೇಳಬೇಕು. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರ ಸೆಪ್ಟೆಂಬರ್ 29ರಂದು ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಸತ್ತದ್ದು ಇದೇ ವಿಷದಿಂದ. ಮಲಗುವ ಕೋಣೆಯ ಅಗ್ಗಿಷ್ಟಿಕೆಯ ಹೊಗೆಗೊಳವೆ ಕಟ್ಟಿಕೊಂಡಿತ್ತು. ಅದೇ ಕೋಣೆಯಲ್ಲಿದ್ದ ಪತ್ನಿ ಬದುಕಿ ಉಳಿದಳು. ಅದು ಅಕಸ್ಮಾತ್ತೋ, ವೈರಿಗಳ ಕೈವಾಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ಮನೆಗಳಲ್ಲಿ ಹೊಗೆಯ ದಾರಿಯನ್ನು ಮುಚ್ಚಲು ವೈರಿಗಳು ಬೇಕಾಗಿಲ್ಲ, ಸೊಳ್ಳೆಗಳು ಸಾಕು.

ಇದು ಪರಿಹಾಸ್ಯದ ಮಾತಲ್ಲ. ನಮ್ಮ ಬೀದಿಯ ಒಂದು ಮನೆಯ ಹುಡುಗಿ, ಕಾಲೇಜಿನಲ್ಲಿ ಓದುತ್ತಿದ್ದವಳು, ಚಳಿಗಾಲದುದ್ದಕ್ಕೂ ತಲೆಗೆ ನೀರು ಹಾಕಿಕೊಂಡ ದಿನ ತಲೆನೋವು, ವಾಕರಿಕೆ ಎನ್ನುತ್ತಿದ್ದಳು. ಪಿತ್ತವೆಂದು ತಾಯಿ ಕಷಾಯ ಕೊಡುತ್ತಿದ್ದರು. ಒಂದು ಬೆಳಗ್ಗೆ ಬಚ್ಚಲಲ್ಲಿ ದೊಪ್ಪೆಂದು ಬಿದ್ದ ಸದ್ದಾಯಿತು. ಬಾಗಿಲು ಒಡೆದು ಹೊರಗೆ ತಂದಾಗ ಕೈಕಾಲು ಸೆಟೆದುಕೊಂಡಿದ್ದವು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಒಂದು ಬಗೆಯ ಅಪಸ್ಮಾರ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಅಪರೂಪವೇನಲ್ಲ. ಮೊದಲು ಅದೇ ಇರಬೇಕೆಂದುಕೊಂಡರು. ಕಿರಿಯ ವೈದ್ಯೆಯೊಬ್ಬರು ಮಾತ್ರ, “ನಿಮ್ಮ ಮನೆಯಲ್ಲಿ ನೀರು ಕಾಯುವುದು ಯಾವುದರಲ್ಲಮ್ಮ?” ಎಂದು ಕೇಳಿದರು. ಹುಡುಗಿ ಬದುಕಿದಳು. ಮರುದಿನ ನಾನು ಹೋಗಿ ನೋಡಿದಾಗ ಗವಾಕ್ಷಿಗೆ ಸೊಳ್ಳೆ ಬಾರದಂತೆ ಪ್ಲಾಸ್ಟಿಕ್ ಹಾಳೆಯನ್ನು ಅಂದವಾಗಿ ಅಂಟಿಸಿತ್ತು. ಅದರ ಕೆಳಗೇ ಗೀಸರು. ಅಂಟಿಸಿದ್ದು ತಂದೆ. ಆ ಹಾಳೆಯನ್ನು ಕಿತ್ತು ಕೈಯಲ್ಲಿ ಹಿಡಿದು ಅವರು ನಿಂತಿದ್ದಾಗ ನಾನು ಏನನ್ನೂ ಹೇಳಲಿಲ್ಲ.

ಹಾಗಾದರೆ ಗೀಸರನ್ನು ಎಲ್ಲಿಡಬೇಕು? ನನ್ನ ಉತ್ತರ ಒಂದೇ: ಬಚ್ಚಲ ಹೊರಗೆ. ಹಿತ್ತಿಲ ಗೋಡೆ, ತೆರೆದ ಬಾಲ್ಕನಿ, ಪಾತ್ರೆ ತೊಳೆಯುವ ತೆರೆದ ಜಾಗ, ಯಾವುದಾದರೂ ಸರಿ. ಬಚ್ಚಲಿನೊಳಕ್ಕೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಮಳೆ, ಬಿರುಗಾಳಿ ತಾಗದಂತೆ ಮೇಲೊಂದು ಮರೆ ಇರಲಿ, ಆದರೆ ಸುತ್ತ ಗಾಜಿನಿಂದ ಮುಚ್ಚಿದ ಬಾಲ್ಕನಿ ‘ಹೊರಗೆ’ ಎನಿಸಿಕೊಳ್ಳುವುದಿಲ್ಲ. ಗಾಳಿಯಾಡದ ಕಿರಿದಾದ ಕೊಳವೆಬಾವಿಯಂಥ ಡಕ್ಟೂ ಅಷ್ಟೆ. ಅಲ್ಲಿ ಬಿಟ್ಟ ಹೊಗೆ ಮೇಲಿನ ಮನೆಯವರ ಗವಾಕ್ಷಿಯನ್ನು ಹುಡುಕಿಕೊಂಡು ಹೋಗುತ್ತದೆ. ಹೊರಗಿಟ್ಟರೆ ಕೊಳವೆ ಉದ್ದವಾಗಿ ನೀರು ತುಸು ತಣಿಯುತ್ತದೆಂದು ಕೊಳಾಯಿಯವರು ತಕರಾರು ಮಾಡುವುದುಂಟು. ತಣಿಯಲಿ.

ಸ್ಥಳವಿಲ್ಲದೆ ಮನೆಯೊಳಗೇ ಇಡಬೇಕಾಗಿ ಬಂದವರು, ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನು ಹೊರಕ್ಕೇ ಬಿಡುವ, ಕೋಣೆಯ ಗಾಳಿಯೊಡನೆ ಸಂಬಂಧವೇ ಇಲ್ಲದ ಮುಚ್ಚಿದ ಬಗೆಯ ಯಂತ್ರವನ್ನು ಕೊಳ್ಳತಕ್ಕದ್ದು. ಬ್ರಿಟನ್ನಿನ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಸ್ನಾನದ ಕೋಣೆಯಲ್ಲಿ ಹೊಸದಾಗಿ ಕೂಡಿಸಲು ಇದೊಂದಕ್ಕೇ ಅನುಮತಿ. ನಮ್ಮಲ್ಲಿ ಅಗ್ಗಕ್ಕೆ ದೊರೆಯುವ ಚಿಕ್ಕ ಯಂತ್ರಗಳು ಆ ಬಗೆಯವಲ್ಲ. ಅವುಗಳ ನೆತ್ತಿಯ ಸೀಳುಗಳಿಂದ ಹೊಗೆ ನೇರವಾಗಿ ಕೋಣೆಗೇ ಬರುತ್ತದೆ.

ಹೊಗೆಗೊಳವೆಯುಳ್ಳ ಯಂತ್ರವಾದರೆ ಆ ಕೊಳವೆಗೂ ಒಂದು ಸ್ವಭಾವವಿದೆ. ಬಿಸಿಗಾಳಿ ಹಗುರವಾಗಿ ಮೇಲೇರುವ ಬಲವೊಂದೇ ಅದರ ಬಂಡವಾಳ. ಆದ್ದರಿಂದ ಕೊಳವೆ ಯಂತ್ರದಿಂದ ನೆಟ್ಟಗೆ ಕೆಲವು ದೂರ ಮೇಲಕ್ಕೇರಿ, ಅನಂತರ ತಿರುಗಬೇಕು; ತಿರುಗಿದಮೇಲೂ ಏರುಮುಖವಾಗಿಯೇ ಸಾಗಬೇಕು. ಎಲ್ಲಿಯೂ ಕೆಳಗಿಳಿಯಬಾರದು. ಯಂತ್ರದ ಬಾಯಿಯ ಅಳತೆಗಿಂತ ಕಿರಿದಾಗಬಾರದು. ಪಿ.ವಿ.ಸಿ. ಕೊಳವೆಯನ್ನು ಸಿಕ್ಕಿಸಿದ್ದನ್ನು ನಾನು ನೋಡಿದ್ದೇನೆ. ಅದು ಶಾಖಕ್ಕೆ ಮೆತ್ತಗಾಗಿ ಬಾಗುತ್ತದೆ, ಲೋಹದ್ದೇ ಆಗಬೇಕು. ಹೊರತುದಿ ಕಿಟಕಿಯ ಪಕ್ಕದಲ್ಲೋ ಸಜ್ಜದ ಅಡಿಯಲ್ಲೋ ಇರಬಾರದು, ಅದಕ್ಕೆ ಮಳೆಗೂ ಗುಬ್ಬಿಗೂಡಿಗೂ ತಡೆಯಾಗಿ ಒಂದು ಟೋಪಿ ಇರಲಿ.

ಗಾಳಿಯನ್ನು ಹೊರದೂಡುವ ಪಂಖವೊಂದಿದೆಯಲ್ಲ, ಭಯವೇಕೆ ಎನ್ನುವವರು ಬಹಳ. ಈ ಭರವಸೆ ಅಪಾಯಕರ. ಒಳಕ್ಕೆ ಗಾಳಿ ಬರುವ ದಾರಿಯಿಲ್ಲದೆ ಪಂಖ ಯಾವುದನ್ನು ಹೊರದೂಡೀತು? ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯನ್ನು ಎಲ್ಲಿಂದಾದರೂ ಎಳೆಯಲು ಹವಣಿಸಿ, ಕಡೆಗೆ ಹೊಗೆಗೊಳವೆಯಿಂದಲೇ ಎಳೆಯುತ್ತದೆ. ಹೊರಹೋಗುತ್ತಿದ್ದ ಹೊಗೆ ಹಿಂದಿರುಗಿ ಒಳಕ್ಕೇ ಬರುತ್ತದೆ. ಮುಚ್ಚಲಾರದಂತಹ ಜಾಲರಿಗಂಡಿ ಬಾಗಿಲ ಬುಡದಲ್ಲಿ ಒಂದು, ಗೋಡೆಯ ಮೇಲ್ಭಾಗದಲ್ಲಿ ಒಂದು ಇರುವುದು ಎಲ್ಲ ಬಚ್ಚಲಿಗೂ ಒಳ್ಳೆಯದು. ಆದರೆ ಅವುಗಳ ನೆಚ್ಚಿಕೆಯಿಂದ ಗೀಸರನ್ನು ಒಳಗೆ ತರಬೇಡಿ.

ಸಿಲಿಂಡರಿನ ಮಾತನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಅದೂ ಹೊರಗೆ, ನೆಟ್ಟಗೆ ನಿಂತಿರಬೇಕು. ಅದರ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ತಗ್ಗಿನಲ್ಲಿ ಮಡುಗಟ್ಟುತ್ತದೆ. ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವ ಅನಿಲವಾದರೋ ಗಾಳಿಗಿಂತ ಹಗುರ, ಸೂರನ್ನು ಸೇರುತ್ತದೆ. ಒಂದಕ್ಕೆಂದು ಮಾಡಿದ ಗೀಸರನ್ನು ಅದರ ಉರಿಯ ರಂಧ್ರಗಳನ್ನು ಬದಲಿಸದೆ ಇನ್ನೊಂದಕ್ಕೆ ಜೋಡಿಸಕೂಡದು. ರಬ್ಬರಿನ ಕೊಳವೆಗೆ ಭಾರತೀಯ ಮಾನಕದ ಗುರುತಿರಲಿ, ಐದು ವರ್ಷಕ್ಕೊಮ್ಮೆ ಬದಲಾಯಿಸಿ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಬಲ್ಲವರಿಂದ ಯಂತ್ರವನ್ನು ಬಿಚ್ಚಿಸಿ ಧೂಳು, ಜೇಡರಬಲೆ, ಮಸಿಗಳನ್ನು ತೆಗೆಸಿ. ಉರಿ ಹಳದಿಯಾಗಿದ್ದರೆ, ಗೋಡೆಯಲ್ಲಿ ಮಸಿಯ ಗುರುತು ಕಂಡರೆ ಆ ದಿನವೇ ನಿಲ್ಲಿಸಿ. ಉರಿ ಆರಿದರೆ ಅನಿಲವನ್ನು ತಡೆಯುವ ಸಾಧನ ಇದೆಯೆಂದು ಅಂಗಡಿಯವರು ಹೊಗಳುತ್ತಾರೆ. ಅದು ಒಳ್ಳೆಯದೇ. ಆದರೆ ನಮ್ಮನ್ನು ಕೊಲ್ಲುವುದು ಆರಿದ ಉರಿಯಲ್ಲ, ಉರಿಯುತ್ತಿರುವ ಉರಿ.

ಬಾಡಿಗೆ ಮನೆಯವರು ಕೂಡಲೆ ಗೋಡೆ ಕೊರೆಯಲಾರರು, ಬಲ್ಲೆ. ಗೀಸರನ್ನು ಹೊರಗೆ ಸಾಗಿಸುವವರೆಗೆ ಅವರು ಮಾಡಬಹುದಾದದ್ದಿಷ್ಟು: ಬಾಗಿಲು, ಗವಾಕ್ಷಿಗಳನ್ನು ಪೂರ್ತಿ ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸುವುದು, ಗೀಸರನ್ನು ಆರಿಸುವುದು, ಒಳಗಿನ ಗಾಳಿ ಹೊಸದಾದಮೇಲೆ ಮೀಯುವುದು. ಇನ್ನೊಬ್ಬರ ಸರದಿಗೂ ಹಾಗೆಯೇ. ಬಾಗಿಲ ಅಗಳಿ ಹೊರಗಿನಿಂದಲೂ ತೆಗೆಯುವಂತಿರಲಿ.

ಒಳಗೆ ಯಾರಾದರೂ ಬಿದ್ದರೆಂದು ಶಂಕೆ ಬಂದರೆ, ಅವರನ್ನು ಉಪಚರಿಸುತ್ತ ಅಲ್ಲೇ ಕೂರಬೇಡಿ. ಎತ್ತಿಹೋದವರೇ ಎರಡನೆಯ ಬಲಿಯಾದದ್ದುಂಟು. ಬಾಗಿಲು ಪೂರ್ತಿ ತೆರೆದು, ಅನಿಲ ನಿಲ್ಲಿಸಿ, ಅವರನ್ನು ಕೂಡಲೆ ಬಯಲಿಗೆ ತನ್ನಿ. ಉಸಿರಿಲ್ಲದಿದ್ದರೆ ಕೃತಕ ಉಸಿರಾಟ, ಎದೆಯೊತ್ತು ಬಲ್ಲವರು ತಡಮಾಡದೆ ಆರಂಭಿಸಲಿ. ಎಚ್ಚರವಾಗಿ ಮಾತನಾಡಿದರೂ ಆಸ್ಪತ್ರೆಗೆ ಒಯ್ಯಿರಿ. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಪುಟ್ಟ ಸಾಧನ ಈ ವಿಷದಲ್ಲಿ ಮೋಸಹೋಗಿ, ಎಲ್ಲವೂ ಸರಿಯಿದೆಯೆಂದೇ ತೋರಿಸುತ್ತದೆ. ಅದಕ್ಕಾಗಿ ವೈದ್ಯರು ಕೇಳಲಿ, ಕೇಳದಿರಲಿ, ಬಚ್ಚಲಲ್ಲಿ ಅನಿಲದ ಗೀಸರು ಉರಿಯುತ್ತಿತ್ತೆಂದು ಮೊದಲ ಮಾತಿನಲ್ಲೇ ತಿಳಿಸಿಬಿಡಿ. ಮನೆಗೆ ಮರಳಿದಮೇಲೂ ಕೆಲವು ವಾರಗಳ ಕಾಲ ಮರೆವು, ನಡೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆಗಳು ತಲೆದೋರುತ್ತವೆಯೇ ಎಂದು ಮನೆಯವರು ಗಮನಿಸುತ್ತಿರಬೇಕು. ಕಂಡರೆ ಅದೇ ವೈದ್ಯರ ಬಳಿಗೆ ಮತ್ತೆ ಕರೆದೊಯ್ಯಬೇಕು.