ಮಾರಿಕಣಿವೆಯ ಹಿನ್ನೀರು ಮತ್ತು ಕಾಡುಗೊಲ್ಲರ ಹಟ್ಟಿಗಳು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ, ಮತ್ತೋಡು ಹೋಬಳಿಗಳಿಂದ ಹಿರಿಯೂರಿನ ಕಡೆಗೆ ಹಬ್ಬಿರುವ ಸೀಮೆಯನ್ನು ಬರಗಾಲದ ನೆಲವೆಂದು ಕರೆದು ಸುಮ್ಮನಾಗುವುದು ರೂಢಿಯಾಗಿದೆ. ಆದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಹೊಮ್ಮಿ ಹೆಪ್ಪುಗಟ್ಟಿದ ಶಿಲೆ, ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಹಿನ್ನೀರು, ಕಾಡುಗೊಲ್ಲರೆಂಬ ಪಶುಪಾಲಕ ಸಮುದಾಯದ ಹಟ್ಟಿಗಳು, ಈ ಮೂರೂ ಒಂದೇ ದಿನದ ದಾರಿಯಲ್ಲಿ ಸಿಗುವ ಇಂಥ ಪ್ರದೇಶ ನಾಡಿನಲ್ಲಿ ವಿರಳವಾಗಿದ್ದು, ಅದಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ಬೆಂಕಿಯ ಬೆಟ್ಟ, ದೊಡ್ಡ ನೀರು ಮತ್ತು ಹಳೆಯ ಆಚರಣೆ ಒಂದೆಡೆ ಕೂಡಿರುವ ತಾಣಕ್ಕೆ ಜಗತ್ತು ಸಾಮಾನ್ಯವಾಗಿ ಕೊಡುವ ಉದಾಹರಣೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಅತಿತ್ಲಾನ್ ಸರೋವರ. ಭಾರೀ ಸ್ಫೋಟದ ನಂತರ ಜ್ವಾಲಾಮುಖಿಯ ನೆತ್ತಿ ಕುಸಿದು ಉಂಟಾದ ಕುಳಿಯಲ್ಲಿ ನಿಂತಿರುವ ಈ ನೀರಿನ ದಡದಲ್ಲಿ ಅತಿತ್ಲಾನ್, ತೊಲಿಮಾನ್, ಸಾನ್ ಪೆದ್ರೊ ಎಂಬ ಮೂರು ಜ್ವಾಲಾಮುಖಿ ಪರ್ವತಗಳಿದ್ದು, ಸುತ್ತಲಿನ ಹಳ್ಳಿಗಳಲ್ಲಿ ಮಾಯಾ ಜನರ ತ್ಸುತುಹಿಲ್, ಕಾಕ್ಚಿಕೆಲ್ ಪಂಗಡಗಳು ತಮ್ಮ ನುಡಿಗಳನ್ನೂ ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗವನ್ನೂ ಉಳಿಸಿಕೊಂಡಿವೆ. ಅಲ್ಲಿನ ಸಾಂತಿಯಾಗೊ ಊರಿನಲ್ಲಿ ಮಾಶಿಮೋನ್ ಎಂಬ ಮರದ ದೇವತಾಮೂರ್ತಿಯನ್ನು ಗುಡಿಯಲ್ಲಿರಿಸದೆ, ಪ್ರತಿವರ್ಷ ಒಬ್ಬೊಬ್ಬ ಗೃಹಸ್ಥನ ಮನೆಯಲ್ಲಿ ಇಟ್ಟು ಸೇವೆ ಮಾಡುತ್ತಾರೆ. ದೇವರ ಪೆಟ್ಟಿಗೆಯನ್ನು ಹೊತ್ತು ಹಬ್ಬಕ್ಕೆ ಹೋಗುವ ಚಿತ್ರದುರ್ಗದ ಹಟ್ಟಿಗಳವರಿಗೆ ಈ ಸಂಗತಿ ಅಪರಿಚಿತವೆನಿಸದು.

ಚಿತ್ರದುರ್ಗದ ಜ್ವಾಲಾಮುಖಿಗಳು ಅತಿತ್ಲಾನಿನವುಗಳಂತೆ ಕಣ್ಣಿಗೆ ಕಾಣುವ ಶಿಖರಗಳಲ್ಲ. ಜೀವಿಗಳು ಇನ್ನೂ ಸೂಕ್ಷ್ಮರೂಪದಲ್ಲೇ ಇದ್ದ ಕಾಲದ ಸಾಗರತಳದ ಬಿರುಕುಗಳು ಅವು. ಚಿತ್ರದುರ್ಗದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಮರಡಿಹಳ್ಳಿಯ ಬಳಿ ಅವುಗಳ ಗುರುತು ಸ್ಪಷ್ಟವಾಗಿ ಉಳಿದಿದೆ. ನೀರಿನಡಿಯಲ್ಲಿ ಉಕ್ಕುವ ಲಾವಾರಸದ ಹೊರಮೈ ನೀರು ತಾಗಿದ ಕ್ಷಣವೇ ಗಟ್ಟಿಯಾಗಿ, ಒಳಗಿನ ರಸ ಇನ್ನೂ ಬಿಸಿಯಾಗಿದ್ದು, ಒತ್ತಡ ಹೆಚ್ಚಿದಾಗ ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ಉಂಡೆಯಾಗಿ ಚಿಮ್ಮುತ್ತದೆ. ಹೀಗೆ ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳ ಆಕಾರ ಪಡೆಯುವ ಈ ರಚನೆಯನ್ನು ಭೂವಿಜ್ಞಾನಿಗಳು ದಿಂಬು ಲಾವಾ ಎನ್ನುತ್ತಾರೆ. ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿದ್ದು, ಕೆಳಭಾಗ ಅಡಿಯ ಸಂದಿಗೆ ಇಳಿದು ಚೂಪಾಗಿರುವುದರಿಂದ, ಮಡಿಕೆಗೊಂಡ ಶಿಲಾಸ್ತರದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ನಿರ್ಧರಿಸಲು ಇವು ನೆರವಾಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1976ರಲ್ಲಿ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಚಿತ್ರದುರ್ಗದ ಕೋಟೆಯ ಗ್ರಾನೈಟ್ ಬಂಡೆಗಳು ನೆಲದಾಳದಲ್ಲಿ ತಣಿದ ಬೇರೆ ಜಾತಿಯವು. ಹಸಿರು ಛಾಯೆಯ ಈ ಲಾವಾಶಿಲೆ ಚಿತ್ರದುರ್ಗ ಪದರುಶಿಲಾ ಪಟ್ಟಿಗೆ ಸೇರಿದ್ದು, ಇಂಗಳದಾಳದ ತಾಮ್ರದ ಅದಿರೂ ಇದೇ ಪಟ್ಟಿಯ ಕೊಡುಗೆ.

ವಾಣಿವಿಲಾಸ ಸಾಗರದ ಕಥೆ ಹೆಚ್ಚು ಪರಿಚಿತ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ, ಅವತಿ ಹಳ್ಳಗಳು ಕೂಡಿ ಆಗುವ ವೇದಾವತಿ, ಹೊಸದುರ್ಗದ ಸೀಮೆಯನ್ನು ಹಾದು ಬೆಟ್ಟಸಾಲನ್ನು ಸೀಳಿಕೊಂಡು ಹೊರಬೀಳುವ ಮಾರಿಕಣಿವೆಯಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡು, ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಪಡೆಯಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ, 130 ಅಡಿಗೆ ಕೋಡಿ ಬೀಳುವ ಈ ಜಲಾಶಯ 1933ರ ನಂತರ ಮತ್ತೆ ತುಂಬಿ ಹರಿದದ್ದು 2022ರಲ್ಲಿ, ಅಂದರೆ 89 ವರ್ಷಗಳ ಬಳಿಕ. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು. ಅಲ್ಲಿನ ದೇವತೆ ಕಣಿವೆ ಮಾರಮ್ಮನಿಗೆ ಬಾಗಿನ ಅರ್ಪಿಸಲು ಹಿರಿಯೂರಿನ ಕಡೆ ಜನಸಾಗರ ಸೇರಿದ ಅದೇ 2022ರಲ್ಲಿ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನಂಚಿನ ಊರುಗಳಲ್ಲಿ ತೋಟ, ಹೊಲ, ರಸ್ತೆ, ಮನೆಗಳಿಗೆ ನೀರು ನುಗ್ಗಿತು. ಮೇಲ್ಮೈಯಲ್ಲಿ ಹೊರಹರಿವೇ ಇಲ್ಲದ ಅತಿತ್ಲಾನ್ ಸರೋವರವೂ 2010ರ ಬಿರುಗಾಳಿ ಮಳೆಯ ನಂತರ ಏರುತ್ತಾ ದಡದ ಮನೆಗಳನ್ನು ಮುಳುಗಿಸಿತು. ತುಂಬಿದ ನೀರಿನ ಸಂಭ್ರಮವನ್ನು ವರ್ಣಿಸುವವರು ಅದರ ಹಿಂಬದಿಯ ಊರುಗಳ ನಷ್ಟವನ್ನೂ ಹೇಳಬೇಕಾದದ್ದು ನ್ಯಾಯ.

ಈ ಸೀಮೆಯ ನಿಜವಾದ ಸಂಪತ್ತು ಹಟ್ಟಿಗಳಲ್ಲಿದೆ. ಹಟ್ಟಿ ಎಂದರೆ ಊರಿನಿಂದ ತುಸು ದೂರದಲ್ಲಿ, ಕುರಿ ಮತ್ತು ದನಗಳ ಮೇವಿಗೆ ಅನುಕೂಲವಾದ ಬಯಲಿನಲ್ಲಿ ಕಾಡುಗೊಲ್ಲರು ಕಟ್ಟಿಕೊಂಡ ವಸತಿ. ಹಿಂದೆ ಅದರ ಸುತ್ತ ಕಳ್ಳೆಮುಳ್ಳಿನ ಬೇಲಿ, ಪಕ್ಕದಲ್ಲಿ ಕುರಿ ಕೂಡುವ ರೊಪ್ಪ, ನಡುವೆ ದೇವರ ಗುಡಿ ಇರುತ್ತಿದ್ದವು. ಸಮುದಾಯ ಬೆಡಗುಗಳಾಗಿ, ಅಂದರೆ ಒಂದೇ ಮೂಲದವರೆಂದು ನಂಬಿ ತಮ್ಮೊಳಗೆ ಮದುವೆಯಾಗದ ಕುಲಗಳಾಗಿ ಹಂಚಿಕೊಂಡಿದ್ದು, ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಮೊದಲಾದ ಇವರ ದೈವಗಳಲ್ಲಿ ದನಕುರಿ ಕಾಯ್ದ ವೀರರು ಹಲವರಿದ್ದಾರೆ. ಚಳ್ಳಕೆರೆ ಸೀಮೆಯಲ್ಲಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಬಾರಿಮುಳ್ಳಿನಿಂದಲೇ ಎತ್ತರದ ಗುಡಿ ಕಟ್ಟಿ, ಯುವಕರು ಬರಿಗಾಲಲ್ಲಿ ಅದನ್ನೇರಿ ನೆತ್ತಿಯ ಕಳಶ ಕೀಳುತ್ತಾರೆ. ಜುಂಜಪ್ಪನ ಕಾವ್ಯವನ್ನು ಗಣೆಯೊಂದಿಗೆ ಹಾಡಲಾಗುತ್ತದೆ. ಗಣೆ ಎಂದರೆ ಬಹು ಉದ್ದನೆಯ ಬಿದಿರಿನ ಕೊಳಲು, ಗಾಯಕ ಒಮ್ಮೆ ನುಡಿಸಿ ಒಮ್ಮೆ ಹಾಡಿ ಕಥೆಯನ್ನು ಮುನ್ನಡೆಸುತ್ತಾನೆ. ಹೆಣ್ಣುಮಕ್ಕಳ ಪರಂಪರೆ ಇದಕ್ಕಿಂತ ಕಡಿಮೆಯದಲ್ಲ: ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು, ಅವರ ಹಾಡುಗಳನ್ನು ವಿದ್ವಾಂಸ ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಕುರಿಯ ಉಣ್ಣೆಯನ್ನು ಈ ಜಿಲ್ಲೆಯ ಕುರುಬ ನೇಕಾರರು ಗುಂಡಿಮಗ್ಗದಲ್ಲಿ, ಹುಣಸೆಬೀಜದ ಗಂಜಿ ಹಚ್ಚಿ, ಕಂಬಳಿಯಾಗಿ ನೇಯುತ್ತಾರೆ.

ಹಟ್ಟಿಯ ಬದುಕನ್ನು ಮೆಚ್ಚುವುದೆಂದರೆ ಅದರಲ್ಲಿರುವುದೆಲ್ಲವನ್ನೂ ಒಪ್ಪುವುದಲ್ಲ. ಮುಟ್ಟು ಮತ್ತು ಬಾಣಂತನದ ಸಮಯದಲ್ಲಿ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ತಾಯಿಗೂ ಶಿಶುವಿಗೂ ಅಪಾಯಕಾರಿಯಾಗಿದ್ದು, ಸರ್ಕಾರ ಕಟ್ಟಿಸಿದ ಕೃಷ್ಣ ಕುಟೀರಗಳು ಚಳಿ ಮಳೆಯ ಕಷ್ಟವನ್ನು ಸ್ವಲ್ಪ ತಗ್ಗಿಸಿದರೂ ಹೊರಗಿಡುವ ರೂಢಿಯನ್ನು ಅಳಿಸಿಲ್ಲ. ಈ ಆಚರಣೆ ನಿಲ್ಲಲೇಬೇಕು. ಅದು ನಿಂತರೆ ಜುಂಜಪ್ಪನ ಪದಕ್ಕಾಗಲಿ ಗಣೆಯ ನಾದಕ್ಕಾಗಲಿ ಯಾವ ಕುಂದೂ ಬಾರದು. ಬದಲಾವಣೆಯ ಮಾತು ಹಟ್ಟಿಯ ಹೆಣ್ಣುಮಕ್ಕಳ ಬಾಯಿಂದಲೇ ಬರುವುದು ಅತ್ಯಂತ ಪರಿಣಾಮಕಾರಿ.

ಅಣೆಕಟ್ಟಿನ ಮೇಲೆ ಚಿತ್ರ ತೆಗೆದುಕೊಂಡು ಹಿಂದಿರುಗುವ ಪ್ರವಾಸಿಗರು ಹೊಸದುರ್ಗದ ಕಡೆಯ ಹಿನ್ನೀರಿನ ದಾರಿಯಲ್ಲೂ ಒಂದಿಷ್ಟು ಸಾಗಬೇಕು. ಹಟ್ಟಿಗೆ ಹೋಗುವವರು ಮೊದಲು ಅಲ್ಲಿನ ಯಜಮಾನರ ಅಥವಾ ಪೂಜಾರಿಯ ಒಪ್ಪಿಗೆ ಕೇಳಿ, ಗುಡಿಯ ಬಳಿ ಪಾದರಕ್ಷೆ ಬಿಟ್ಟು, ಅನುಮತಿಯಿಲ್ಲದೆ ಚಿತ್ರ ತೆಗೆಯದೆ ಇರುವುದು ಕನಿಷ್ಠ ಮರ್ಯಾದೆ. ಮರಡಿಹಳ್ಳಿಯ ಶಿಲೆಯಿಂದ ನೆನಪಿಗೆಂದು ಒಂದು ಚಕ್ಕೆಯನ್ನೂ ಯಾರೂ ಒಡೆದೊಯ್ಯಬಾರದು. ಜಿಲ್ಲೆಯ ಶಾಲೆಗಳ ಶಿಕ್ಷಕರು ಮಕ್ಕಳನ್ನು ಕೋಟೆಗೆ ಕರೆದೊಯ್ಯುವ ದಿನವೇ ಈ ಬಂಡೆಗಳನ್ನೂ ತೋರಿಸಬೇಕು.